ಹೌಸ್‌ಮನ್ ಪಾಠಕ್ಕೆ ಬಂದ ಟೇಪ್ ರೆಕಾರ್ಡರ್

ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ನೋಟ್ಸ್ ಬರೆಸುವುದೆಂದರೆ ಆಗುತ್ತಿರಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ನಾವು ಅವರನ್ನು ಬೈದುಕೊಂಡದ್ದೂ ಉಂಟು. ಆದರೆ ಬಿ.ಎ.ಯಲ್ಲಿ ಓದಿದ ಪದ್ಯಗಳಲ್ಲಿ ಇವತ್ತಿಗೂ ಸಾಲುಸಾಲಾಗಿ ನೆನಪಿರುವುದು ಅವರು ಟೇಪ್ ರೆಕಾರ್ಡರ್ ತಂದು ಕೇಳಿಸಿದ ಪದ್ಯ ಮಾತ್ರ.

ಇಂಗ್ಲೆಂಡಿನ ಕವಿ ಎ.ಇ. ಹೌಸ್‌ಮನ್ನರ ಪದ್ಯ ಅದು, 1896ರ ‘ಎ ಶ್ರಾಪ್‌ಶೈರ್ ಲ್ಯಾಡ್’ ಸಂಕಲನದ್ದು. ಸತ್ತು ಮಣ್ಣು ಸೇರಿದ ಹಳ್ಳಿ ಹುಡುಗ ಬದುಕಿರುವ ಗೆಳೆಯನನ್ನು ವಿಚಾರಿಸುತ್ತಾನೆ. ನನ್ನ ಕುದುರೆಗಳು ಹೊಲ ಉಳುತ್ತಿವೆಯಾ? (ಅಲ್ಲಿ ನೇಗಿಲಿಗೆ ಕುದುರೆ ಕಟ್ಟುತ್ತಿದ್ದರು.) ಹೊಳೆದಂಡೆಯಲ್ಲಿ ಫುಟ್‌ಬಾಲ್ ನಡೀತಿದೆಯಾ? ನನ್ನ ಹುಡುಗಿ ಅಳೋದು ನಿಲ್ಲಿಸಿದಳಾ? ಎಲ್ಲದಕ್ಕೂ ಗೆಳೆಯ ಹೂಂ ಅನ್ನುತ್ತಾನೆ, ನೀನು ಸುಮ್ಮನೆ ಮಲಗು ಅನ್ನುತ್ತಾನೆ. ಕೊನೆಯ ಪ್ರಶ್ನೆ ಆ ಗೆಳೆಯನ ಬಗ್ಗೆಯೇ. ಹುಡುಗಿ ಈಗ ಯಾರ ಜೊತೆಗಿದ್ದಾಳೆ ಎಂಬುದು ಆಗ ಹೊರಬೀಳುತ್ತದೆ.

ಜಾರ್ಜ್ ಬಟರ್‌ವರ್ತ್ ಇದಕ್ಕೆ ರಾಗ ಹಾಕಿದ ಹಾಡು 1911ರಲ್ಲಿ ಪ್ರಕಟವಾಯಿತು. ಒಂದು ಗಂಡುದನಿ, ಒಂದು ಪಿಯಾನೋ, ಅಷ್ಟೇ. ಇಬ್ಬರ ಮಾತನ್ನೂ ಒಬ್ಬನೇ ಹಾಡಬೇಕು. ಸತ್ತವನ ಸರದಿಯಲ್ಲಿ ದನಿ ತೀರಾ ಮೆಲ್ಲಗೆ. ಪಿಯಾನೋದ ಸ್ವರಗಳು ಗೊಂಚಲು ಗೊಂಚಲಾಗಿ ಮೇಲಿನಿಂದ ಕೆಳಗಿಳಿಯುತ್ತವೆ. ಬದುಕಿದವನು ಬಾಯಿ ತೆರೆದರೆ ವೇಗವೂ ಹೆಚ್ಚು, ದನಿಯೂ ಗಟ್ಟಿ. ಮೇಷ್ಟ್ರು ಟೇಪ್ ನಿಲ್ಲಿಸಿ, “ಇಷ್ಟು ಜೋರಾಗಿ ಯಾಕ್ರಯ್ಯ ಉತ್ತರ ಕೊಡ್ತಾನೆ?” ಅಂದರು. ಹಿಂದಿನ ಬೆಂಚಿನಿಂದ ಯಾರೋ, “ಒಳಗೊಳಗೇ ಹೆದರಿಕೆ ಸಾರ್” ಅಂದ. ಮೇಷ್ಟ್ರು ಏನೂ ಹೇಳದೆ ರಿವೈಂಡ್ ಒತ್ತಿದರು.

ನಾನಾಗ ಸಂಗೀತದ ಪಾಠಕ್ಕೂ ಹೋಗುತ್ತಿದ್ದೆ. ಪಿಟೀಲು ಹಾಡುಗಾರರ ಬೆನ್ನಿಗೇ ಬರುವುದನ್ನು ಕೇಳಿ ಬೆಳೆದ ಕಿವಿ ನನ್ನದು. ಇಲ್ಲಿ ಪಕ್ಕವಾದ್ಯವೇ ಹಾಡುವವನ ಗುಟ್ಟು ಬಿಟ್ಟುಕೊಡುತ್ತಿತ್ತು! ಕೊನೆಯ ಉತ್ತರ, ಯಾರ ಹುಡುಗಿ ಅಂತ ಮಾತ್ರ ಕೇಳಬೇಡ ಅನ್ನುವಷ್ಟರಲ್ಲಿ ಕುಗ್ಗಿಹೋಗುತ್ತದೆ. ಆಮೇಲೆ ಪಿಯಾನೋ ಸತ್ತವನ ಸ್ವರಗಳನ್ನೇ ಮತ್ತೆ ನುಡಿಸಿ, ಮುಗಿಯಿತು ಅನ್ನಿಸದ ಕಡೆಯಲ್ಲೇ ನಿಂತುಬಿಡುತ್ತದೆ. ಸತ್ತವನಿಗೆ ಗೊತ್ತಾಗಿಹೋಗಿದೆ ಅಂತ ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಬಟರ್‌ವರ್ತ್ ಮೊದಲ ಮಹಾಯುದ್ಧದಲ್ಲಿ, 1916ರ ಆಗಸ್ಟ್ 5ರಂದು ಫ್ರಾನ್ಸಿನ ಸೊಮ್ ಕದನದಲ್ಲಿ ತೀರಿಕೊಂಡರು. ವಯಸ್ಸು 31. ದೇಹ ಸಿಗಲಿಲ್ಲ, ಹೆಸರು ಅಲ್ಲಿನ ತಿಯೆಪ್‌ವಾಲ್ ಸ್ಮಾರಕದ ಕಲ್ಲಿನ ಮೇಲಿದೆ. ಇದನ್ನು ಮೇಷ್ಟ್ರು ಹೇಳಿದ್ದು ಹಾಡು ಪೂರ್ತಿ ಕೇಳಿಸಿದ ಮೇಲೆಯೇ. “ಮೊದಲೇ ಹೇಳಿದ್ರೆ ಇದನ್ನ ಯುದ್ಧದ ಹಾಡು ಅಂತ ಕೇಳ್ತಿದ್ರಿ. ಬರೆದಾಗ ಯುದ್ಧ ಎಲ್ಲಿತ್ತು?”

ಇನ್ನೊಬ್ಬ ಇಂಗ್ಲಿಷ್ ಸಂಗೀತ ಸಂಯೋಜಕ ವಾನ್ ವಿಲಿಯಮ್ಸ್ ಕೂಡ 1909ರಲ್ಲಿ ಇದೇ ಪದ್ಯಕ್ಕೆ ರಾಗ ಹಾಕಿದ್ದರು, ಫುಟ್‌ಬಾಲಿನ ಎರಡು ಚರಣ ಕೈಬಿಟ್ಟು. ಹೌಸ್‌ಮನ್‌ಗೆ ಸಿಟ್ಟು ಬಂತು. ಗೋಲ್‌ಕೀಪರ್ ಗೋಲ್ ಕಾಯಲು ನಿಂತಿದ್ದಾನೆ ಎಂಬಂಥ ಸಾಲು ಹಾಡಲು ಯೋಗ್ಯವಲ್ಲ ಎಂಬುದು ವಾನ್ ವಿಲಿಯಮ್ಸ್ ನಿಲುವು. ಬಟರ್‌ವರ್ತ್ ಒಂದು ಚರಣವನ್ನೂ ಬಿಡಲಿಲ್ಲ. ಅವರೇ ಸರಿ, ಫುಟ್‌ಬಾಲ್ ಇಲ್ಲದಿದ್ದರೆ ಸತ್ತವನು ನಮ್ಮ ವಾರಿಗೆಯವನು ಅನ್ನಿಸುವುದೇ ಇಲ್ಲ. ಬೆಲ್ ಹೊಡೆದ ಮೇಲೂ ಕಾರಿಡಾರಿನಲ್ಲಿ ಇದೇ ಜಗಳ. ಕಾಲೇಜು ತಂಡದ ಗೋಲ್‌ಕೀಪರ್ ನಮ್ಮ ಕ್ಲಾಸಿನವನೇ. ಅದುವರೆಗೆ ಯಾವ ಪದ್ಯದ ಬಗ್ಗೆಯೂ ಬಾಯಿಬಿಡದಿದ್ದ ಅವನು ಅವತ್ತು ಹೌಸ್‌ಮನ್ ಪರ ತೋಳೇರಿಸಿದ.