ಕಡೆಗೂ ಹತ್ತು ವ್ಯಾಗನ್ ಘಾಟ್ ಹತ್ತಿತು

ಭಾನುವಾರ ರಾತ್ರಿ ಹನ್ನೊಂದೂವರೆಗೆ ಹತ್ತು ವ್ಯಾಗನ್ನಿನ ಮಾಡೆಲ್ ಗೂಡ್ಸ್ ರೈಲು ನಮ್ಮ ಮಹಡಿ ಕೋಣೆಯ ಪುಟ್ಟ ಘಾಟನ್ನು ಎಲ್ಲೂ ನಿಲ್ಲದೆ ಹತ್ತಿತು. ಒಂದು ಸಲ ಅಲ್ಲ, ಆರು ಸಲ. ನಾಲ್ಕು ತಿಂಗಳಿಂದ ಇದೇ ರೈಲು ತಿರುವಿನ ಸುರಂಗದೊಳಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಖುಷಿಗೆ ನಿದ್ದೆಯೇ ಬರಲಿಲ್ಲ. ಅದಕ್ಕೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಟೇಬಲ್, ಹಳಿಗೆ ಕರೆಂಟ್ ಕೊಡುವ ಫೀಡರ್ ವೈರ್, ಇಂಜಿನ್ ಓಡಿಸುವ ಡಿಜಿಟಲ್ ಕಂಟ್ರೋಲ್ (ಡಿಸಿಸಿ) ಇದನ್ನೆಲ್ಲ ಬಿಟ್ಟುಬಿಡೋಣ. ಎಲ್ಲರೂ ಮಾಡುವ ಹಾಗೇ ಮಾಡಿದ್ದೇನೆ. ನಾನು ಕಟ್ಟುತ್ತಿರುವುದು ಎಚ್‌ಒ ಅಳತೆಯಲ್ಲಿ, ಅಂದರೆ ನಿಜದ 87ರಲ್ಲಿ ಒಂದು ಪಾಲಿನಷ್ಟು, ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟ್. ಸುಮಾರು 55 ಕಿಲೋಮೀಟರ್ ದಾರಿ, 57 ಸುರಂಗ, 109 ಸೇತುವೆ, 50ಕ್ಕೆ 1ರ ಏರು. ಅಂದರೆ 50 ಅಡಿ ಮುಂದೆ ಹೋದರೆ 1 ಅಡಿ ಮೇಲೆ. ಈ ಅಳತೆಯಲ್ಲಿ ಅಷ್ಟೂ ದಾರಿ ಕಟ್ಟಬೇಕೆಂದರೆ 632 ಮೀಟರ್ ಹಳಿ ಬೇಕು. ನನ್ನ ಹತ್ತಿರ ಇರುವುದು 14 ಅಡಿಗೆ 10 ಅಡಿಯ ಕೋಣೆ. ಹಾಗಾಗಿ ಘಾಟಿನ ನಡುವಿನ ಸ್ಟೇಷನ್ ಎಡಕುಮೇರಿಯ ಆಸುಪಾಸಿನ ಒಂದು ತುಂಡು ಮಾತ್ರ ಆರಿಸಿಕೊಂಡೆ. ಕೆಳಗೆ 10 ಅಡಿ ನೇರ ಹಳಿ, ಆಮೇಲೆ ಒಂದು ಅರ್ಧವೃತ್ತದ ತಿರುವು, ಮತ್ತೆ ವಾಪಸ್ 10 ಅಡಿ ನೇರ. ತಿರುವಿನ ತ್ರಿಜ್ಯ 18 ಇಂಚು. ನಿಜವಾದ ಘಾಟಿನಲ್ಲಿ 50ಕ್ಕೆ 1 ಇದೆಯಲ್ಲ, ನಾನೂ ಕೆಳಗಿನಿಂದ ಮೇಲಿನವರೆಗೆ ಒಂದೇ ಸಮ 50ಕ್ಕೆ 1 ಇಟ್ಟೆ. ಒಟ್ಟು ಏರಿದ್ದು ಹತ್ತಿರಹತ್ತಿರ 6 ಇಂಚು.

ತೊಂದರೆ ಹೀಗಿತ್ತು. ಐದು ವ್ಯಾಗನ್ ಹಾಕಿದರೆ ಇಂಜಿನ್ ಆರಾಮಾಗಿ ಹತ್ತುತ್ತಿತ್ತು. ಹತ್ತು ಹಾಕಿದರೆ ನೇರ ದಾರಿಯಲ್ಲೂ ಹತ್ತುತ್ತಿತ್ತು, ತಿರುವಿಗೂ ಸಲೀಸಾಗಿ ನುಗ್ಗುತ್ತಿತ್ತು. ತಿರುವು ಮುಗಿಯಲು ಇನ್ನೊಂದು ಅಡಿ ಇದೆ ಅನ್ನುವಾಗ ನಿಲ್ಲುತ್ತಿತ್ತು. ಸುರಂಗದೊಳಗಿಂದ ‘ಜುಯ್ಯ್’ ಅಂತ ಚಕ್ರ ತಿರುಗುವ ಸದ್ದು ಮಾತ್ರ. ಮುಚ್ಚಳ ತೆಗೆದು ಕೈ ಹಾಕಿದರೆ ಇಂಜಿನ್ ಬಿಸಿ.

ಮೊದಲು ಹಳಿಯ ಕೊಳೆ ಅಂದುಕೊಂಡೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದೆ. ಏನೂ ಆಗಲಿಲ್ಲ. ಆಮೇಲೆ ವ್ಯಾಗನ್ ಹಗುರ ಇರಬೇಕು, ತಿರುವಿನಲ್ಲಿ ಒಳಗೆ ಎಳೆದುಕೊಳ್ಳುತ್ತಿದೆ ಅಂತ ಒಂದೊಂದಕ್ಕೂ ನಟ್ಟು, ವಾಷರ್ ತುಂಬಿದೆ. ಇಂಜಿನ್ ಇನ್ನೂ ಮೊದಲೇ ನಿಂತಿತು! ಏರಿನಲ್ಲಿ ತೂಕ ಜಾಸ್ತಿ ಮಾಡಿದರೆ ಇನ್ನೇನಾಗುತ್ತೆ. ಎಲ್ಲ ಬಿಚ್ಚಿ ತೆಗೆದೆ.

ಮೂರನೆಯದು ಚಕ್ರ. ಈ ಬಿಸಿಎನ್ (ಮುಚ್ಚಿದ ಗೂಡ್ಸ್) ವ್ಯಾಗನ್‌ಗಳ ಬಾಡಿ ನಾನೇ ಪ್ರಿಂಟ್ ಮಾಡಿದ್ದು, ಚಕ್ರ ಹೊರಗಿನಿಂದ ತರಿಸಿದ್ದು. ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು ನೋಡಿದರೆ ನಲವತ್ತರಲ್ಲಿ ಹದಿನಾಲ್ಕು ಆಕ್ಸಲ್ ಅರ್ಧ ಮಿಲಿಮೀಟರ್ ಉದ್ದ. ತುದಿ ಬೋಗಿಯ, ಅಂದರೆ ಚಕ್ರ ಕೂರುವ ಚೌಕಟ್ಟಿನ, ಗುಳಿಯಲ್ಲಿ ಕಚ್ಚಿಕೊಂಡು ಕೂತಿತ್ತು. ಮಾರಿದವರಿಗೆ ಫೋಟೋ ಕಳಿಸಿದೆ. ‘ಎಲ್ಲರಿಗೂ ಅದೇ ಕಳಿಸೋದು ಸಾರ್’ ಅಂತ ಉತ್ತರ ಬಂತು. ಇನ್ನೊಂದು ಅಂಗಡಿಯವರು ಒಂದು ಗಜ ಉದ್ದದ ಫ್ಲೆಕ್ಸ್ ಹಳಿಯನ್ನು (ಬೇಕಾದ ಹಾಗೆ ಬಾಗಿಸಿ ಕೂರಿಸುವ ಹಳಿ) ಬರೀ ಬಬಲ್ ರ್ಯಾಪ್‌ನಲ್ಲಿ ಸುತ್ತಿ ಕಳಿಸಿದ್ದರು. ಆರರಲ್ಲಿ ಎರಡು ಬಾಗಿ ಬಂದವು. ಒಂದು ಪಿವಿಸಿ ಪೈಪಿನ ತುಂಡಿಗೆ ಎಷ್ಟು ಖರ್ಚಾಗುತ್ತೆ ಹೇಳಿ? ಪೈಪಿನ ದುಡ್ಡು ನಾವೇ ಕೊಡುತ್ತೇವೆ, ದಯವಿಟ್ಟು ಅದರೊಳಗಿಟ್ಟು ಕಳಿಸಿ.

ಚಕ್ರ ಬದಲಾಯಿಸಿದ ಮೇಲೆ ವ್ಯಾಗನ್‌ಗಳು ಬೆರಳು ತಾಕಿದರೆ ಸಾಕು, ಓಡತೊಡಗಿದವು. ಆದರೂ ಇಂಜಿನ್ ಅದೇ ಜಾಗದಲ್ಲಿ ನಿಂತಿತು. ಫೋನನ್ನು ಸುರಂಗದೊಳಗಿಟ್ಟು ವಿಡಿಯೋ ತೆಗೆದೆ. ಇಂಜಿನ್ನಿನ ಆರೂ ಆಕ್ಸಲ್ ತಿರುಗುತ್ತಿವೆ, ರೈಲು ಅಲ್ಲೇ ಇದೆ. ಎಣಿಸಿ ನೋಡಿದೆ. ಪ್ರತಿ ಸಲವೂ ಐದೋ ಆರೋ ವ್ಯಾಗನ್ ತಿರುವಿನೊಳಗೆ ಬಂದ ಮೇಲೆಯೇ ನಿಲ್ಲುತ್ತಿತ್ತು. ಇದು ಯಾಕೆ ಅಂತ ಹೊಳೆಯಲಿಲ್ಲ.

ನಮ್ಮ ಬೀದಿಯಲ್ಲಿ ರಿಟೈರ್ ಆದ ಲೋಕೋ ಪೈಲಟ್ ಒಬ್ಬರಿದ್ದಾರೆ. ಹಾಸನದಿಂದ ಆ ಘಾಟಿನಲ್ಲಿ ಎಷ್ಟೋ ವರ್ಷ ಗಾಡಿ ಓಡಿಸಿದವರು. ಸಂಜೆ ಕಾಫಿಗೆ ಬಂದವರು ಸುಮ್ನೆ ನೋಡುತ್ತಾ ನಿಂತಿದ್ದರು. ಆಮೇಲೆ ಕೇಳಿದರು: ‘ಕರ್ವ್‌ನಲ್ಲಿ ಗ್ರೇಡ್ ಎಷ್ಟು ಇಟ್ಟಿದ್ದೀಯಪ್ಪ?’

‘ಎಲ್ಲ ಕಡೆ ಐವತ್ತಕ್ಕೊಂದೇ ಸಾರ್.’

‘ಅಲ್ಲೇ ಇರೋದು ತಪ್ಪು. ಕರ್ವ್ ಬಂದ ಕಡೆ ಏರು ಇಳಿಸ್ಬೇಕು. ಘಾಟ್‌ನಲ್ಲಿ ಹಂಗೇ ಮಾಡಿರೋದು. ಕಾಂಪನ್ಸೇಟೆಡ್ ಅಂತಾರೆ.’

ಆ ಪದವನ್ನು ನಾನು ನೂರು ಸಲ ಓದಿದ್ದೆ. ‘50ಕ್ಕೆ 1, ಕಾಂಪನ್ಸೇಟೆಡ್’. ಕಣ್ಣು 50ರ ಮೇಲೆ ನಿಲ್ಲುತ್ತಿತ್ತು, ಮುಂದಿನ ಪದಕ್ಕೆ ಹೋಗುತ್ತಲೇ ಇರಲಿಲ್ಲ. ತಿರುವಿನಲ್ಲಿ ಚಕ್ರದ ಅಂಚು ಹಳಿಗೆ ಉಜ್ಜುತ್ತದೆ. ಆ ಎಳೆತವೂ ಇಂಜಿನ್ನಿಗೆ ಏರಿದ್ದ ಹಾಗೇ. ಅದಕ್ಕೆ ನಮ್ಮ ಬ್ರಾಡ್‌ಗೇಜ್‌ನಲ್ಲಿ ತಿರುವಿನ ಪ್ರತಿ ಡಿಗ್ರಿಗೆ ಶೇ 0.04ರಷ್ಟು ಏರು ಕಡಿಮೆ ಮಾಡುತ್ತಾರೆ. 10 ಡಿಗ್ರಿ ತಿರುವು ಅಂದರೆ 175 ಮೀಟರ್ ತ್ರಿಜ್ಯ. ಅಲ್ಲಿ ಶೇ 2ರ ಏರು (50ಕ್ಕೆ 1 ಅಂದರೆ ಇದೇ) ಶೇ 1.6ಕ್ಕೆ ಇಳಿಯುತ್ತದೆ. ಡ್ರೈವರ್‌ಗೆ, ಇಂಜಿನ್‌ಗೆ ಎಲ್ಲ ಕಡೆಯೂ ಒಂದೇ ಭಾರ.

ನನ್ನ 18 ಇಂಚನ್ನು 87ರಿಂದ ಗುಣಿಸಿ ನೋಡಿದೆ. ನಿಜದಲ್ಲಿ ಅದು 40 ಮೀಟರ್ ತ್ರಿಜ್ಯ. ಬ್ರಾಡ್‌ಗೇಜ್ ಮೈನ್ ಲೈನಿನಲ್ಲಿ ಅಂಥ ತಿರುವು ಯಾರೂ ಹಾಕುವುದಿಲ್ಲ. ಮಾಡೆಲ್‌ಗೆ ಬೇರೆಯದೇ ಲೆಕ್ಕ ಇದೆ. 32ನ್ನು ಇಂಚಿನ ತ್ರಿಜ್ಯದಿಂದ ಭಾಗಿಸಿದರೆ ಆ ತಿರುವು ಎಷ್ಟು ಶೇಕಡಾ ಏರಿಗೆ ಸಮ ಅಂತ ಅಂದಾಜು ಸಿಗುತ್ತದೆ. 18 ಇಂಚಿಗೆ ಶೇ 1.78. ಅದಕ್ಕೆ ನನ್ನ ಶೇ 2 ಸೇರಿಸಿದರೆ ಶೇ 3.78. ಅಂದರೆ ಸುಮಾರು 26ಕ್ಕೆ 1! ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಗೆ ಇಳಿಯುವ ಬ್ರಗಾಂಜಾ ಘಾಟ್ ಇದೆಯಲ್ಲ, ಅದೇ 37ಕ್ಕೆ 1.

ಲೆಕ್ಕ ನಂಬುವ ಮೊದಲು ಪರೀಕ್ಷೆ ಮಾಡಿದೆ. 10 ಅಡಿ ಪ್ಲೈವುಡ್ ಪಟ್ಟಿಯ ಮೇಲೆ ನೇರ ಹಳಿ ಕೂರಿಸಿ, ಒಂದು ತುದಿಗೆ ಅರ್ಧರ್ಧ ಇಂಚಿನ ತುಂಡು ಕೊಡುತ್ತಾ ಎತ್ತಿದೆ. ಹತ್ತು ವ್ಯಾಗನ್ ಕಟ್ಟಿದ ಇಂಜಿನ್ 3 ಇಂಚಿನವರೆಗೆ ಎಳೆಯಿತು. ಮೂರೂವರೆಗೆ ಜಾರಿತು. ಅಂದರೆ ಅದರ ಶಕ್ತಿ ಶೇ 2.9ಕ್ಕಿಂತ ಮುಂಚೆಯೇ ಮುಗಿಯುತ್ತದೆ. ಅರ್ಧ ರೈಲು ತಿರುವಿನಲ್ಲಿ, ಅರ್ಧ ನೇರದಲ್ಲಿ ಇದ್ದಾಗ ಸರಾಸರಿ ಎಷ್ಟಾಗುತ್ತೆ? ಅದೇ ಶೇ 2.9. ಐದು ವ್ಯಾಗನ್ ಒಳಗೆ ಬಂದಾಗಲೇ ಯಾಕೆ ನಿಲ್ಲುತ್ತಿತ್ತು ಅನ್ನೋದಕ್ಕೆ ಉತ್ತರ ಸಿಕ್ಕಿತು. ಆ ಕ್ಷಣ ಹಲಗೆಯ ಮುಂದೆ ಕೂತು ಒಬ್ಬನೇ ನಕ್ಕೆ.

ಆಮೇಲಿನದು ಎರಡು ವಾರದ ಕೆಲಸ. ಬೀರು ಪಕ್ಕಕ್ಕೆ ಸರಿಸಿ ಟೇಬಲ್ ಒಂದು ಅಡಿ ಅಗಲ ಮಾಡಿದೆ. ಮುಂದಿನ ನೇರ ಹಳಿಯನ್ನು ಕಿತ್ತು ಹೊರಗೆ ತಂದೆ. ತಿರುವಿನ ತ್ರಿಜ್ಯ 24 ಇಂಚಾಯಿತು. ಈಗ ತಿರುವಿನ ಎಳೆತ ಶೇ 1.33 ಮಾತ್ರ. ತಿರುವಿನಲ್ಲಿ ಏರನ್ನು 125ಕ್ಕೆ 1ಕ್ಕೆ ಇಳಿಸಿದೆ, ಅಂದರೆ ಶೇ 0.8. ಕಳೆದುಕೊಂಡ ಎತ್ತರವನ್ನು ನೇರ ದಾರಿಯಲ್ಲಿ 45ಕ್ಕೆ 1 ಮಾಡಿ ವಾಪಸ್ ಪಡೆದೆ. ತಿರುವಿನಲ್ಲಿ ಒಟ್ಟು ಶೇ 2.13, ನೇರದಲ್ಲಿ ಶೇ 2.22. ಮೇಲಿನ ಸ್ಟೇಷನ್ನಿನ ಎತ್ತರ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಏರು ಬದಲಾಗುವ ಜಾಗದಲ್ಲಿ ಮಾತ್ರ ಒಂದೊಂದು ಅಡಿ ನಿಧಾನವಾಗಿ ಬಾಗಿಸಿ. ನಾನು ಮೊದಲು ಅರ್ಧ ಅಡಿಯಲ್ಲಿ ಮುಗಿಸಿದ್ದಕ್ಕೆ ಕಪ್ಲಿಂಗ್ ಬಿಟ್ಟುಕೊಂಡಿತು.

ಇದರ ನಡುವೆ ಮನಸ್ಸು ಮುಂದಿನ ಯೋಜನೆಗೆ ಓಡುತ್ತಿದೆ. ಈ ಘಾಟ್ 1979ರಲ್ಲಿ ಶುರುವಾದಾಗ ಮೀಟರ್‌ಗೇಜ್ ಅಲ್ವಾ? ಬ್ರಾಡ್‌ಗೇಜ್‌ನಲ್ಲಿ ಪ್ರಯಾಣಿಕರ ರೈಲು ಓಡಿದ್ದು 2007ರಲ್ಲಿ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಎಚ್‌ಒದಲ್ಲಿ 19.3 ಆಗಬೇಕು, ನಾವು ಓಡಿಸುವುದು 16.5ರ ಹಳಿಯಲ್ಲಿ. ಮುಂದಿನಿಂದ ನೋಡಿದಾಗಲೆಲ್ಲ ಇಂಜಿನ್ನಿನ ಕಾಲು ಒಳಗೆ ಸೇರಿಕೊಂಡ ಹಾಗೆ ಕಾಣುತ್ತದೆ. ನನಗೆ ಅದು ನಿಜವಾಗಿಯೂ ಚುಚ್ಚುತ್ತದೆ. ಮೀಟರ್‌ಗೇಜ್ ಆದರೆ 11.5 ಬೇಕು, ಸ್ವಿಸ್ ಮೀಟರ್‌ಗೇಜ್ ಮಾಡೆಲ್‌ಗಳಿಗೆ ಅಂತಲೇ 12 ಮಿಲಿಮೀಟರಿನ ಹಳಿ ಸಿಗುತ್ತದೆ. ಅದರ ಮೇಲೆ ಒಂದು ವೈಡಿಎಂ-4 (ಮೀಟರ್‌ಗೇಜ್ ಡೀಸೆಲ್ ಇಂಜಿನ್), ಎಂಬತ್ತರ ದಶಕದ ಎಡಕುಮೇರಿ, ಮಳೆಗಾಲ. ಬಾಡಿಯ ಡ್ರಾಯಿಂಗ್ ಶುರು ಮಾಡಿದ್ದೇನೆ. ಮೈಸೂರಿನ ರೈಲು ಮ್ಯೂಸಿಯಂ ಕೂಡ ಶುರುವಾದದ್ದು 1979ರಲ್ಲೇ. ಟೇಪ್ ಹಿಡಿದುಕೊಂಡು ಮುಂದಿನ ತಿಂಗಳು ಅಲ್ಲಿಗೆ ಹೋಗಬೇಕು.

ಅದಕ್ಕೂ ಮೊದಲು ಈ ಘಾಟಿಗೆ ಒಂದು ಬ್ಯಾಂಕರ್ ಬೇಕು. ಇಲ್ಲಿ ಗೂಡ್ಸ್ ಗಾಡಿಗೆ ಹಿಂದಿನಿಂದ ಇಂಜಿನ್ ತಳ್ಳದಿದ್ದರೆ ಚಿತ್ರ ಪೂರ್ತಿ ಆಗುವುದಿಲ್ಲ. ಎರಡು ಇಂಜಿನ್‌ಗಳ ಒಳಗಿನ ಡಿಕೋಡರ್ ಚಿಪ್‌ಗಳ ವೇಗ ಒಂದಕ್ಕೊಂದು ಹೊಂದಬೇಕು. ಹಿಂದಿನದು ಸ್ವಲ್ಪ ಜೋರಾದರೂ ನಡುವಿನ ವ್ಯಾಗನ್ ಹಳಿಯಿಂದ ಆಚೆ ಬೀಳುತ್ತದೆ. ಡಿಕೋಡರ್‌ನಲ್ಲಿ ವೇಗ ಹೊಂದಿಸುವ ಸಿವಿ 2, 5, 6 ಅನ್ನೋ ಸೆಟ್ಟಿಂಗ್‌ಗಳ ಜೊತೆ ಕೂರುವ ಕೆಲಸ ಬಾಕಿ ಇದೆ.

ಸೋಮವಾರ ಸಂಜೆ ಲೋಕೋ ಪೈಲಟ್ ಸಾರ್ ಬಂದಿದ್ದರು. ಕಂಟ್ರೋಲರ್ ಅವರ ಕೈಗೆ ಕೊಟ್ಟೆ. ಸುರಂಗದ ಬಾಯಿಗೆ ಬರುವ ಮೊದಲು ತಾವಾಗೇ ಹಾರ್ನ್ ಒತ್ತಿದರು. ಗಾಡಿ ಒಳಗೆ ಹೋಯಿತು. ಅವರು ಕತ್ತು ಬಗ್ಗಿಸಿ ಆ ಕಡೆಯ ಬಾಯಿಯನ್ನೇ ನೋಡುತ್ತಿದ್ದರು. ಹೆಡ್‌ಲೈಟ್ ಕಾಣಿಸಿದಾಗ ‘ಹಾಂ, ಬಂತು’ ಅಂದರು.

ಸುರಂಗದ ಮುಚ್ಚಳ ಇನ್ನೂ ಅಂಟಿಸಿಲ್ಲ. ಈ ಸಲ ಅಂಟಿಸುವುದೂ ಇಲ್ಲ, ಮೇಲಿಂದ ಬರೀ ಕೂರಿಸುತ್ತೇನೆ. ಕೈ ಹೋಗುವಷ್ಟು ಜಾಗ ಇರಲೇಬೇಕು.