ಬೆಕ್ಕಿನ ವಾರ್ಡಿನ ಫ್ಲೀಸ್ ಮತ್ತು ಉಳಿಸಿದ ನಲವತ್ತು ಲೀಟರ್ ನೀರು

ಪ್ರಾಣಿಗಳ ಆಸ್ಪತ್ರೆಯಲ್ಲಿ ಔಷಧಿಗೆ ಚಾರ್ಟ್ ಇದೆ, ಊಟಕ್ಕೆ ಚಾರ್ಟ್ ಇದೆ, ಉಚ್ಚೆ ಮಾಡಿತೋ ಇಲ್ಲವೋ ಎನ್ನುವುದಕ್ಕೂ ಚಾರ್ಟ್ ಇದೆ. ಆದರೆ ಅದೇ ಪ್ರಾಣಿ ಹಗಲೂ ರಾತ್ರಿ ಮೈ ಚೆಲ್ಲಿ ಮಲಗುವ ಹಾಸಿಗೆಯನ್ನು, ಅಂದರೆ ಫ್ಲೀಸ್ ಎಂಬ ಜುಂಗಿನ ಬಟ್ಟೆಯನ್ನು, ಯಾರು ಒಗೆದರು, ಯಾವುದರಲ್ಲಿ ಒಗೆದರು, ಎಷ್ಟು ನೀರಿನಲ್ಲಿ ಜಾಲಿಸಿದರು ಎಂದು ಬರೆದಿಡುವ ಹಾಳೆ ನಾನು ಕೆಲಸ ಮಾಡುವ ಕಡೆ 2024ರ ಮಾರ್ಚ್‌ವರೆಗೆ ಇರಲಿಲ್ಲ. ಬೋರ್ಡಿಂಗ್ (ಮನೆಯವರು ಸಾಕುಪ್ರಾಣಿಯನ್ನು ಕೆಲವು ದಿನ ಬಿಟ್ಟುಹೋಗುವ ಜಾಗ), ಕ್ಲಿನಿಕ್, ಶೆಲ್ಟರ್ ನಡೆಸುವವರು ಮತ್ತು ಮನೆಯಲ್ಲಿ ಬೆಕ್ಕು ಸಾಕಿರುವವರು ಇದನ್ನು ಓದಬೇಕು ಅನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

ಆ ಮಾರ್ಚ್ ಬೆಂಗಳೂರಿನವರಿಗೆ ಮರೆಯುವಂಥದ್ದಲ್ಲ. ನಮ್ಮ ಕಡೆ ಬೋರ್ ಬತ್ತಿತ್ತು. ಸಂಪು ತುಂಬಿಸಲು ಟ್ಯಾಂಕರ್ ಬಿಟ್ಟರೆ ಬೇರೆ ಗತಿ ಇರಲಿಲ್ಲ, ಟ್ಯಾಂಕರ್‌ನವರು ಹೇಳಿದ್ದೇ ರೇಟು. ಜಿಲ್ಲಾಡಳಿತ ಕೊನೆಗೆ ದರ ಕಟ್ಟಿತು: ಐದು ಕಿಲೋಮೀಟರ್ ಒಳಗಾದರೆ 12,000 ಲೀಟರಿಗೆ 1,000 ರೂಪಾಯಿ. ಆ ದರಕ್ಕೆ ತರಿಸಿದವರು ಎಷ್ಟು ಮಂದಿಯೋ, ನಮಗಂತೂ ಯಾವಾಗಲೂ ಮೇಲೇ ಬಿತ್ತು. ಮ್ಯಾನೇಜ್‌ಮೆಂಟ್‌ನಿಂದ ಗ್ರೂಪಿಗೆ ಮೆಸೇಜ್ ಬಂತು. ಲಾಂಡ್ರಿಯಲ್ಲಿ ಇನ್ನು ಮೇಲೆ ಒಂದೇ ಸಲ ಜಾಲಿಸುವುದು. ವಾಸನೆ ಉಳಿಯಬಾರದು ಅಂತ ಆ ನೀರಿಗೇ ನೆಲ ಒರೆಸುವ ಡಿಸ್‌ಇನ್ಫೆಕ್ಟೆಂಟ್ ಒಂದು ಮುಚ್ಚಳ ಹಾಕುವುದು. ನಾನು ಹೆಬ್ಬೆರಳು ಒತ್ತಿ ಸುಮ್ಮನಾದೆ. ವಾರ್ಡ್ ಇನ್‌ಚಾರ್ಜ್ ನಾನೇ. ಅದರಲ್ಲಿ ತಪ್ಪೇನಾದರೂ ಇದೆ ಎಂದು ಆಗ ಹೊಳೆಯಲೇ ಇಲ್ಲ. ಡಿಸ್‌ಇನ್ಫೆಕ್ಟೆಂಟ್ ಅಂದರೆ ಕ್ಲೀನು, ಕ್ಲೀನು ಅಂದರೆ ಒಳ್ಳೆಯದು ಎಂಬ ಲೆಕ್ಕ.

ಒಂದು ಬೆಳಿಗ್ಗೆ ಹ್ಯಾಂಡೋವರ್‌ನಲ್ಲಿ ನೈಟ್ ಶಿಫ್ಟ್ ಹುಡುಗ ಹೇಳಿದ: "ಅಣ್ಣಾ, ಮೂರನೇ ಕೇಜಿನ ಬೆಕ್ಕು ರಾತ್ರಿಯೆಲ್ಲಾ ಜೊಲ್ಲು ಸುರಿಸ್ತಿದೆ. ವೆಟ್ ಫುಡ್ ಇಟ್ರೂ ಮೂಸಿ ಹಿಂದೆ ಹೋಗುತ್ತೆ." ಬೋರ್ಡಿಂಗಿಗೆ ಬಂದ ಬೆಕ್ಕು. ಗದ್ದದ ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು. ಡಾಕ್ಟರ್ ಮೇಡಂ ಟಾರ್ಚ್ ಹಿಡಿದು ಬಾಯಿ ತೆಗೆಸಿದರು. ನಾಲಿಗೆಯ ಅಂಚಿನಲ್ಲಿ ಕಡಲೆಬೇಳೆಯಷ್ಟು ದೊಡ್ಡ ಹುಣ್ಣು, ಸುತ್ತ ಕೆಂಪು, ಮೈ ಸ್ವಲ್ಪ ಬಿಸಿ. ಬೆಕ್ಕಿನ ವಾರ್ಡಿನಲ್ಲಿ ಕೆಲಸ ಮಾಡಿದವರಿಗೆಲ್ಲ ಆ ನಾಲಿಗೆ ನೋಡಿದ ಕೂಡಲೇ ಬಾಯಿಗೆ ಬರುವ ಹೆಸರು ಒಂದೇ, ಕ್ಯಾಲಿಸಿ, ಬೆಕ್ಕಿನಿಂದ ಬೆಕ್ಕಿಗೆ ಹರಡಿ ಬಾಯಿ ಹುಣ್ಣು ತರುವ ವೈರಸ್. "ಇರಬಹುದು, ಐಸೋಲೇಶನ್‌ಗೆ ಹಾಕಿ" ಅಂದರು ಮೇಡಂ.

ಆಮೇಲೆ ನಾನು ಮಾಡಿದ್ದನ್ನು ವಿವರವಾಗಿ ಹೇಳಬೇಕು. ಗ್ಲೌಸ್, ಗೌನ್ ಹಾಕಿಕೊಂಡು ಬೆಕ್ಕನ್ನು ಸಾಗಿಸಿದೆ. ಕ್ಯಾಲಿಸಿ ವೈರಸ್ ಒಣಗಿದ ಜಾಗದಲ್ಲೂ ವಾರಗಟ್ಟಲೆ ಬದುಕಿರುತ್ತದೆ ಎಂದು ಗೊತ್ತಿತ್ತು. ಹಾಗಾಗಿ ವಾರ್ಡಿನ ಉಳಿದ ಎಲ್ಲ ಬೆಕ್ಕುಗಳ ಫ್ಲೀಸನ್ನೂ ತೆಗೆಸಿ ಚೀಲಕ್ಕೆ ಕಟ್ಟಿಸಿದೆ. ಒಗೆದು ಮಡಚಿಟ್ಟ ರ‍್ಯಾಕಿನಿಂದ ಹೊಸ ಫ್ಲೀಸ್ ಹಾಸಿದೆ. ಐಸೋಲೇಶನ್‌ನ ಬೆಕ್ಕಿಗಂತೂ ಪಾಪ ನೋವಿನಲ್ಲಿದೆ, ಮೆತ್ತಗಿರಲಿ ಎಂದು ಎರಡು ಪದರ ಹಾಕಿದೆ. ರಾತ್ರಿಗೆ ಬೇಕಾಗುತ್ತದೆಂದು ಲಾಂಡ್ರಿಗೆ ಹೇಳಿ ಇನ್ನೊಂದು ಲೋಡ್ ಒಗೆಸಿದೆ, ಇವತ್ತು ಲಿಕ್ವಿಡ್ ಎರಡು ಮುಚ್ಚಳ ಹಾಕಿ ಎಂದೂ ಹೇಳಿದೆ.

ಸಾಯಂಕಾಲಕ್ಕೆ ವಾರ್ಡಿನಲ್ಲಿ ಇನ್ನೊಂದು ಬೆಕ್ಕು ಜೊಲ್ಲು ಸುರಿಸಲು ಶುರುಮಾಡಿತು. ಸೋಂಕು ಹರಡಿತು, ವಾರ್ಡ್ ಮುಚ್ಚಬೇಕು ಎಂದುಕೊಂಡು ಪೇರೆಂಟ್‌ಗಳ, ಅಂದರೆ ಬೆಕ್ಕು ಸಾಕಿದವರ, ನಂಬರ್ ತೆಗೆಯುತ್ತಿದ್ದೆ. ಅಷ್ಟರಲ್ಲಿ ರಿಕವರಿ ರೂಮಿನಿಂದ ಕರೆ. ಅವತ್ತು ಸ್ಪೇ (ಮರಿಯಾಗದಂತೆ ಮಾಡುವ ಸರ್ಜರಿ) ಆದ ಬೆಕ್ಕಿಗೂ ಜೊಲ್ಲು, ನಾಲಿಗೆಯ ತುದಿ ಕೆಂಪು.

ಮೇಡಂ ಅದರ ಕೇಜಿನ ಮುಂದೆ ನಿಂತು ಒಂದೊಂದೇ ಮಾತು ಆಡಿದರು. "ಇದು ಬೆಳಿಗ್ಗೆ ಬಂದ ಬೆಕ್ಕು. ವಾರ್ಡಿನೊಳಗೆ ಕಾಲೇ ಇಟ್ಟಿಲ್ಲ. ವ್ಯಾಕ್ಸಿನ್ ಎಲ್ಲಾ ಆಗಿದೆ. ಬೆಳಿಗ್ಗೆ ಬಂದಿದ್ದಕ್ಕೆ ಸಾಯಂಕಾಲ ಕ್ಯಾಲಿಸಿ ಹುಣ್ಣು ಹೇಗ್ರೀ ಬರುತ್ತೆ?" ಆ ವೈರಸ್ ಮೈಸೇರಿ ಲಕ್ಷಣ ತೋರಿಸಲು ಎರಡು ದಿನವಾದರೂ ಬೇಕು. ನಾನು ತಪ್ಪನ್ನು ಊಟದ ಮೇಲೆ ಹಾಕಿದೆ, ಹೊಸ ಬ್ಯಾಚ್ ಪೌಚ್ ಬಂದಿದೆ ಮೇಡಂ, ಅದರಲ್ಲಿ ಏನಾದರೂ ಇರಬಹುದು ಅಂದೆ. ಅವರು ನನ್ನ ಮುಖ ನೋಡಿದರು. ಸರ್ಜರಿ ಬೆಕ್ಕು ಫಾಸ್ಟಿಂಗ್‌ನಲ್ಲಿತ್ತು. ಅವತ್ತಿಡೀ ಅದರ ಬಾಯಿಗೆ ಒಂದು ತುತ್ತೂ ಹೋಗಿರಲಿಲ್ಲ.

ಹಾಗಾದರೆ ಬಾಯಿಗೆ ಹೋದದ್ದೇನು? ಬೆಕ್ಕು ಅನಸ್ತೀಷಿಯಾದಿಂದ ಏಳುತ್ತಿದ್ದಂತೆ ಮೊದಲು ಮಾಡುವ ಕೆಲಸ ಮೈ ನೆಕ್ಕಿಕೊಳ್ಳುವುದು. ಮುಂಗಾಲು, ಪಂಜ, ಹೊಟ್ಟೆ, ಮಲಗಿದ ಜಾಗಕ್ಕೆ ತಾಗಿದ್ದನ್ನೆಲ್ಲ. ಮೇಡಂ ಅದರ ಪಂಜ ತಿರುಗಿಸಿ ತೋರಿಸಿದರು, ಬೆರಳುಗಳ ನಡುವಿನ ಚರ್ಮವೂ ಕೆಂಪಾಗಿತ್ತು.

ಅದರ ಕೆಳಗಿನ ಫ್ಲೀಸ್ ಎಳೆದೆ. ನೋಡಲು ಬೆಳ್ಳಗೆ, ಮೃದುವಾಗಿ, ಚೆನ್ನಾಗಿಯೇ ಇತ್ತು. ಜೊಲ್ಲು ಬಿದ್ದು ಒದ್ದೆಯಾದ ಕಡೆ ಕೈಯಿಟ್ಟರೆ ಬೆರಳು ಜಾರಿತು. ಸ್ಟೀಲ್ ಟಬ್ಬಿಗೆ ಬರೀ ಕುಡಿಯುವ ನೀರು ಸುರಿದು ಅದರಲ್ಲಿ ಅದ್ದಿ ಎರಡು ಸಲ ಅದುಮಿದೆ. ಟಬ್ಬಿನ ತುಂಬ ನೊರೆ ಎದ್ದಿತು, ಜೊತೆಗೆ ನೆಲ ಒರೆಸುವ ಲಿಕ್ವಿಡ್‌ನ ನಿಂಬೆ ವಾಸನೆ. ರ‍್ಯಾಕಿನಲ್ಲಿದ್ದ ಇನ್ನೊಂದನ್ನು ತಂದು ಅದ್ದಿದರೂ ಅದೇ ನೊರೆ.

ಲಾಂಡ್ರಿ ಅಕ್ಕ ಬಾಗಿಲಲ್ಲಿ ನಿಂತಿದ್ದರು. "ನೋಡಪ್ಪಾ, ನೀರಿಲ್ಲ ಒಂದೇ ಸಲ ಜಾಲ್ಸಿ ಅಂದ್ರಿ. ಅದೇ ಬಕೆಟ್ ನೀರಲ್ಲೇ ಎಲ್ಲಾನೂ ಅಲುಬಿದೆ. ಘಮ ಕಮ್ಮಿ ಆದಾಗೆಲ್ಲಾ ಇನ್ನೊಂದು ಮುಚ್ಚಳ ಹಾಕಿದೆ" ಅಂದರು. ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ್ದರು. ಅವರ ಕಡೆಯಿಂದ ಒಂದು ತಪ್ಪೂ ಆಗಿಲ್ಲ, ಇದನ್ನು ನಾನು ಮೀಟಿಂಗಿನಲ್ಲೂ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿತ್ತು, ಬೆಂಜಾಲ್ಕೋನಿಯಂ ಕ್ಲೋರೈಡ್. ಮೇಡಂ ಓದಿದ ಕೂಡಲೇ ಹೇಳಿದರು: ಬೆಕ್ಕಿನ ಬಾಯಿಗೆ ಇದು ಹೋದರೆ ಜೊಲ್ಲು, ಜ್ವರ, ನಾಲಿಗೆ ಹುಣ್ಣು. ನೆಕ್ಕಿದ ತಕ್ಷಣ ಕಾಣುವುದಿಲ್ಲ, ಗಂಟೆಗಳಾದ ಮೇಲೆ ಏಳುತ್ತದೆ. ಕ್ಯಾಲಿಸಿಯ ಹುಣ್ಣಿಗೂ ಇದಕ್ಕೂ ಕಣ್ಣಳತೆಯಲ್ಲಿ ವ್ಯತ್ಯಾಸ ಹೇಳುವುದು ಕಷ್ಟ.

ಆಗ ತಲೆಗೆ ಬಂತು: ವಾರ್ಡಿನ ಪ್ರತಿಯೊಂದು ಬೆಕ್ಕೂ ಆ ಕ್ಷಣದಲ್ಲಿ ಅದರ ಮೇಲೇ ಮಲಗಿದೆ, ಅಲ್ಲಿ ಮಲಗಿಸಿದವನು ನಾನು. ಐಸೋಲೇಶನ್‌ನ ಬೆಕ್ಕು ಎರಡು ಪದರದ ಮೇಲಿದೆ.

ಎಲ್ಲ ಫ್ಲೀಸ್ ಕಿತ್ತು ಹೊರಗೆ ಎಸೆದೆವು. ಟವೆಲ್ಲೂ ಅದೇ ಬಕೆಟ್ಟಿನದ್ದಾದ್ದರಿಂದ ನಂಬುವಂತಿರಲಿಲ್ಲ. ಪೇಪರ್, ಅದರ ಮೇಲೆ ಅಂಡರ್‌ಪ್ಯಾಡ್ ಹಾಕಿದೆವು. ನೆಕ್ಕುವುದು ನಿಲ್ಲಲೆಂದು ಎಲ್ಲಕ್ಕೂ ಇ-ಕಾಲರ್, ಕುತ್ತಿಗೆಗೆ ಕಟ್ಟುವ ಕೊಳವೆಯಂಥ ಪಟ್ಟಿ. ಇನ್ನು ಮೈ ತೊಳೆಯಬೇಕು, ನಲ್ಲಿ ತಿರುಗಿಸಿದರೆ ಗಾಳಿ. ಸಂಪು ಖಾಲಿ, ಟ್ಯಾಂಕರ್ ರಾತ್ರಿ ಬರುವುದು. ಹುಡುಗ ಓಡಿಹೋಗಿ ಪಕ್ಕದ ಅಂಗಡಿಯಿಂದ ಇಪ್ಪತ್ತು ಲೀಟರಿನ ನೀರಿನ ಕ್ಯಾನ್‌ಗಳನ್ನು ಆಟೋದಲ್ಲಿ ಹಾಕಿಸಿಕೊಂಡು ಬಂದ. ಆ ನೀರನ್ನು ಉಗುರುಬೆಚ್ಚಗೆ ಮಾಡಿ, ಪಾತ್ರೆ ತೊಳೆಯುವ ಮೆದು ಲಿಕ್ವಿಡ್ ಎರಡು ಹನಿ ಹಾಕಿ, ಒಬ್ಬರು ಹಿಡಿದು ಒಬ್ಬರು ತೊಳೆದೆವು. ಹೊಲಿಗೆ ಇರುವ ಬೆಕ್ಕಿಗೆ ಸ್ನಾನ ಮಾಡಿಸುವಂತಿಲ್ಲ. ಅದರ ಪಂಜ, ಗದ್ದ, ತೊಡೆಯನ್ನು ಒದ್ದೆ ಗಾಜ್‌ನಲ್ಲಿ ಮತ್ತೆ ಮತ್ತೆ ಒರೆಸಿದೆ. ವಾಂತಿ ಮಾಡಿಸಬಾರದು, ಸುಡುವ ಪದಾರ್ಥ ಇನ್ನೊಮ್ಮೆ ಗಂಟಲಲ್ಲಿ ಹಾದು ಬಂದರೆ ಇನ್ನಷ್ಟು ಸುಡುತ್ತದೆ. ಮೇಡಂ ನೋವಿಗೆ ಇಂಜೆಕ್ಷನ್, ಹುಣ್ಣಿಗೆ ಸುಕ್ರಾಲ್ಫೇಟ್, ಡ್ರಿಪ್ ಹಾಕಿದರು.

ಅಷ್ಟರಲ್ಲಿ ಮ್ಯಾನೇಜರ್ ಸಾರ್ ಫೋನು. ಪೇರೆಂಟ್‌ಗಳಿಗೆ ಮೈಲ್ಡ್ ಇನ್ಫೆಕ್ಷನ್ ಅಂತ ಹೇಳಿಬಿಡಿ ಅಂದರು. ಮೇಡಂ ಒಪ್ಪಲಿಲ್ಲ. ಒಬ್ಬೊಬ್ಬರಿಗೂ ತಾವೇ ಫೋನ್ ಮಾಡಿ ಏನಾಯಿತೋ ಅದನ್ನೇ ಹೇಳಿದರು. ಮೊದಲ ಬೆಕ್ಕಿನ ಮನೆಯವರು ವಿಡಿಯೋ ಕಾಲ್‌ನಲ್ಲಿ ಅತ್ತರು, ಬೈದರು, ಬೈಯಲು ಅವರಿಗೆ ಹಕ್ಕಿತ್ತು. ಆ ಬೆಕ್ಕಿಗೆ ಕೆಲವು ದಿನ ಮೂಗಿನ ಟ್ಯೂಬಿನಲ್ಲೇ ಊಟ ಕೊಡಬೇಕಾಯಿತು. ಎಲ್ಲವೂ ಗುಣವಾಗಿ ಮನೆಗೆ ಹೋದವು.

ಆಮೇಲೆ ಕೂತು ಓದಿದಾಗ ಹೊಟ್ಟೆ ಇನ್ನಷ್ಟು ಉರಿಯಿತು. ನಾವು ಹಾಕಿದ್ದು ಕ್ವಾಟ್ (ಕ್ವಾಟರ್ನರಿ ಅಮೋನಿಯಂ) ಗುಂಪಿನ ಕೆಮಿಕಲ್. ಇದು ಸೋಪಿನ ಪುಡಿಯ ಜೊತೆ ಸೇರಿದರೆ ಒಂದರ ಶಕ್ತಿಯನ್ನು ಇನ್ನೊಂದು ಕೊಲ್ಲುತ್ತದೆ. ಸೋಪು ಸರಿಯಾಗಿ ಹೋಗದ ಬಟ್ಟೆಗೆ ಇದನ್ನು ಹಾಕಿದರೆ ಕ್ರಿಮಿ ಸಾಯುವುದು ಅಷ್ಟಕ್ಕಷ್ಟೇ. ಅಲ್ಲದೆ ನಾವು ಹೆದರುವ ನಾಯಿಗಳ ಪಾರ್ವೊ, ಬೆಕ್ಕಿನ ಪ್ಯಾನ್‌ಲ್ಯೂಕೋಪೀನಿಯ, ಕ್ಯಾಲಿಸಿ ಈ ಮೂರು ವೈರಸ್‌ಗಳ ಮೇಲೂ ಕ್ವಾಟ್‌ನ ಭರವಸೆ ಇಲ್ಲ. ರೋಗಕ್ಕೆ ತಡೆಯೂ ಆಗಲಿಲ್ಲ, ನಾಲಿಗೆ ಮಾತ್ರ ಸುಟ್ಟಿತು. ಬಟ್ಟೆಗೆ ಹಾಕುವ ಸಾಫ್ಟ್‌ನರ್ ಕೂಡ ಇದೇ ಜಾತಿಯದು, ನೂಲಿಗೆ ಅಂಟಿಕೊಂಡು ಕೂರುವುದೇ ಅದರ ಕೆಲಸ. ಫ್ಲೀಸ್ ಪಾಲಿಯೆಸ್ಟರ್. ಅದರ ಎಳೆ ನೀರು ಕುಡಿಯುವುದಿಲ್ಲ, ಅದಕ್ಕೇ ಉಚ್ಚೆ ಮೇಲೆ ನಿಲ್ಲದೆ ಕೆಳಗಿನ ಪೇಪರಿಗೆ ಇಳಿದು ಪ್ರಾಣಿಯ ಮೈ ಒಣಗಿರುತ್ತದೆ. ಸಾಫ್ಟ್‌ನರ್ ಆ ಎಳೆಗೆ ಪದರ ಕಟ್ಟಿದರೆ ಆ ಗುಣವೇ ಹೋಗುತ್ತದೆ. ಎಳೆ ಕುಡಿಯದಿದ್ದರೂ ಒತ್ತೊತ್ತಾದ ಜುಂಗಿನ ಸಂದಿಯಲ್ಲಿ ಸೋಪಿನ ನೀರು ಸಿಕ್ಕಿಕೊಳ್ಳುತ್ತದೆ. ಕಾಟನ್ ಬೆಡ್‌ಶೀಟ್ ಒಗೆದ ಅಭ್ಯಾಸದಲ್ಲಿ ಒಮ್ಮೆ ಅದ್ದಿ ಹಿಂಡಿದರೆ ಅದು ಬರುವುದಿಲ್ಲ.

ಈಗ ಮಾಡುವುದು ಹೀಗೆ. ಮೊದಲು ಒಣಗಿರುವಾಗಲೇ ಟೆರೇಸಿನಲ್ಲಿ ಕೊಡವಿ, ರಬ್ಬರ್ ಗ್ಲೌಸ್ ಹಾಕಿ ಒಂದೇ ದಿಕ್ಕಿಗೆ ಉಜ್ಜಿ ಕೂದಲು ತೆಗೆಯುತ್ತೇವೆ. ಒದ್ದೆಯಾದ ಮೇಲೆ ಕೂದಲು ಬರುವುದಿಲ್ಲ, ಮೆಷಿನ್ನಿನ ಡ್ರೈನ್ ಫಿಲ್ಟರ್ ಕಟ್ಟುತ್ತದೆ. ಉಚ್ಚೆ, ಕಕ್ಕ ಇದ್ದರೆ ತಣ್ಣೀರಿನಲ್ಲಿ ಮೊದಲು ತೊಳೆಯಲೇಬೇಕು. ಉಚ್ಚೆಯ ಅಮೋನಿಯಾ ಇರುವಾಗಲೇ ಬ್ಲೀಚ್ ಸುರಿದರೆ ಏಳುವ ಕ್ಲೋರಮೀನ್ ಗಾಳಿ ಮುಚ್ಚಿದ ಲಾಂಡ್ರಿ ರೂಮಿನಲ್ಲಿ ಒಗೆಯುವವರ ಎದೆಗೇ ಹೋಗುತ್ತದೆ. ಬ್ಲೀಚಿನ ಜೊತೆ ವಿನೆಗರ್ ಸೇರಿದರೆ ಕ್ಲೋರಿನ್ ಗ್ಯಾಸ್, ಅದು ಇನ್ನೂ ಅಪಾಯ. ದಿನನಿತ್ಯದ್ದಕ್ಕೆ 40 ಡಿಗ್ರಿ, ವಾಸನೆಯಿಲ್ಲದ ಲಿಕ್ವಿಡ್ ಅಳತೆಗಿಂತ ಕಮ್ಮಿ. ಚಿಗಟ, ಉಣುಗು ಇದ್ದರೆ, ಲೇಬಲ್ ಒಪ್ಪಿದರೆ, 60. ಡ್ರೈಯರ್ ಬಿಸಿ ಜಾಸ್ತಿ ಮಾಡಿದರೆ ಜುಂಗಿನ ತುದಿ ಮುರುಟಿ ಗಂಟುಗಟ್ಟುತ್ತದೆ, ಆಮೇಲೆ ಏನು ಮಾಡಿದರೂ ಮೆತ್ತಗಾಗದು. ಸ್ಪಿನ್ ಮಾಡಿ ನೇತುಹಾಕಿದರೆ ಮಳೆಗಾಲದಲ್ಲೂ ಬೇಗ ಒಣಗುವ ಬಟ್ಟೆ ಇದು. ರಿಂಗ್‌ವರ್ಮ್ ಕೇಸಿನದ್ದಾದರೆ ಮೆಷಿನ್ ತುಂಬ ತುರುಕದೆ ಉದ್ದದ ಸೈಕಲ್‌ನಲ್ಲಿ ಎರಡು ಸಲ. ಶಿಲೀಂಧ್ರದ ಕಣಗಳನ್ನು ಬಟ್ಟೆಯಿಂದ ಬಿಡಿಸುವುದು ನೀರಿನಲ್ಲಿ ಚೆನ್ನಾಗಿ ಹೊರಳಾಡುವುದೇ. ಪಾರ್ವೊ ಕೇಸಿನದ್ದನ್ನು ಬಿಸಾಡುತ್ತೇವೆ. ಉಳಿಸಲೇಬೇಕಾದರೆ ಕೊಳೆ ಪೂರ್ತಿ ಹೋದ ಮೇಲೆ ಒಂದು ಪಾಲು ಮನೆಬಳಕೆ ಬ್ಲೀಚಿಗೆ ಮೂವತ್ತು ಪಾಲು ನೀರು, ಹತ್ತು ನಿಮಿಷ, ಮತ್ತೆ ಜಾಲಿಸುವುದು. ಬೆಕ್ಕಿನ ಬಟ್ಟೆಯ ಹತ್ತಿರ ಫಿನೈಲ್ ಸುಳಿಯುವಂತಿಲ್ಲ, ಫೀನಾಲ್ ಜಾತಿಯದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ತೀರಾ ಕಡಿಮೆ.

ಇಷ್ಟೆಲ್ಲ ಆದ ಮೇಲೆ ಕೊನೆಗೆ ಟಬ್ ಟೆಸ್ಟ್. ಪ್ರತಿ ಲೋಡಿನಿಂದ ಒಂದು ಫ್ಲೀಸ್ ತೆಗೆದು ಬರೀ ನೀರಿನಲ್ಲಿ ಅದುಮುತ್ತೇವೆ. ನೊರೆ ಬಂದರೆ ಇಡೀ ಲೋಡ್ ವಾಪಸ್. ಮಾಡಿದವರು ಹಾಳೆಯಲ್ಲಿ ಸಹಿ ಹಾಕಬೇಕು. ಲಾಂಡ್ರಿ ಅಕ್ಕನಿಗೆ ಈಗ ಲೋಡ್ ತಡೆಹಿಡಿಯುವ ಅಧಿಕಾರ ಇದೆ, ನಾನು ಬೇಡಿದರೂ ಅವರು ಕೊಡುವುದಿಲ್ಲ.

ನೀರಿನ ಲೆಕ್ಕವನ್ನೂ ಮೀಟಿಂಗಿನಲ್ಲಿ ಇಟ್ಟೆ. ನಮ್ಮ ಸೆಮಿ-ಆಟೋಮ್ಯಾಟಿಕ್‌ನಲ್ಲಿ ಒಂದು ಸಲ ಜಾಲಿಸಲು ಹೆಚ್ಚುಕಡಿಮೆ ನಲವತ್ತು ಲೀಟರ್. ಸರ್ಕಾರ ಕಟ್ಟಿದ ದರದಲ್ಲಿ ಅದು ಮೂರೂವರೆ ರೂಪಾಯಿಗಿಂತ ಕಡಿಮೆ, ನಾವು ಕೊಟ್ಟ ರೇಟಿನಲ್ಲಿ ಮೂರು ಪಟ್ಟಾದರೂ ಹತ್ತು ರೂಪಾಯಿ. ನೀರು ಉಳಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಜಾಲಿಸಿದ ನೀರನ್ನು ಡ್ರಮ್ಮಿಗೆ ಹಿಡಿದು ಹೊರಗಿನ ನಾಯಿ ರನ್ (ನಾಯಿಗಳು ಓಡಾಡುವ ಜಾಗ) ತೊಳೆಯಲು ಬಳಸುವ ಏರ್ಪಾಟು ಆವತ್ತೇ ಮಾಡಬಹುದಿತ್ತು, ಈಗ ಮಾಡಿದ್ದೇವೆ. ಫುಲ್ ಆಟೋಮ್ಯಾಟಿಕ್ ಮೆಷಿನ್ ಕೇಳಿದ್ದು ಇನ್ನೂ ಬಜೆಟ್‌ನಲ್ಲಿ ಕೂತಿದೆ. ಅದರ ನಡುವೆ, ಫ್ಲೀಸ್ ಘಮಘಮ ಅಂದರೆ ಪೇರೆಂಟ್‌ಗಳಿಗೆ ಖುಷಿ, ಸಾಫ್ಟ್‌ನರ್ ಹಾಕಿ ಎನ್ನುವ ಮಾತು ಆಗಾಗ ಬರುತ್ತದೆ. ಪ್ರತಿಸಲವೂ ಆಗುವುದಿಲ್ಲ ಎಂದು ಬರೆದು ಕಳಿಸುತ್ತೇನೆ.

ಅಡ್ಮಿಷನ್ ಫಾರಂನಲ್ಲೂ ಒಂದು ಸಾಲು ಸೇರಿಸಿದ್ದೇವೆ. ಮನೆಯಿಂದ ಹಾಸಿಗೆ ತಂದಿದ್ದರೆ ಅದನ್ನು ಯಾವುದರಲ್ಲಿ ಒಗೆದಿದ್ದೀರಿ, ಡೆಟಾಲ್, ಫಿನೈಲ್, ಕಂಫರ್ಟ್ ಥರದ್ದು ಏನಾದರೂ ಹಾಕಿದ್ದೀರಾ ಎಂದು. ಹೂಂ ಅಂದವರ ಹಾಸಿಗೆಯನ್ನು ಕೇಜಿಗೆ ಹಾಕುವ ಮೊದಲು ನಾವೇ ಎರಡು ನೀರಿನಲ್ಲಿ ಜಾಲಿಸುತ್ತೇವೆ.