ಬೇಕಲದ ಮರಳು, ಅಪ್ಪನ ಚಾದಂಗಡಿ

ಕಳೆದ ತಿಂಗಳು ಮಗಳ ಜೊತೆ ಕಾಸರಗೋಡು ಜಿಲ್ಲೆಯ ಬೇಕಲಕ್ಕೆ ಹೋಗಿದ್ದೆ. ಅವಳಿಗೆ ಕೋಟೆ ನೋಡಬೇಕಿತ್ತು. ನನಗೆ ಅಪ್ಪನ ಚಾದಂಗಡಿ ಇದ್ದ ಜಾಗ ನೋಡಬೇಕಿತ್ತು.

ನಮ್ಮದು ಕುಂಬಳೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ. 1980ರ ದಶಕದಲ್ಲಿ ಅಪ್ಪ ಬೇಕಲ ಕೋಟೆ ಇರುವ ಪಳ್ಳಿಕ್ಕರೆಯ ಕಡಲ ಬದಿಯಲ್ಲಿ ತೆಂಗಿನ ಮಡಲಿನ ಮಾಡಿನ ಅಂಗಡಿ ಇಟ್ಟಿದ್ದರು. ಬೆಳಗಾಗುವಾಗ ದೋಣಿಗಳು ಬರುತ್ತಿದ್ದವು. ಮೀನುಗಾರರು ಕೈಯಲ್ಲಿ ಮೀನಿನ ಹುರುಪೆ ಅಂಟಿಸಿಕೊಂಡೇ ಬಂದು ಚಾ, ಗೋಳಿಬಜೆ ಕೇಳುತ್ತಿದ್ದರು. ಕೆಲವರು ದುಡ್ಡಿನ ಬದಲು ಬೂತಾಯಿ ಮೀನು ಕೊಡುತ್ತಿದ್ದರು. ಮಳೆಗಾಲದಲ್ಲಿ ಕಡಲು ಎದ್ದರೆ ಸಾಲದ ಪುಸ್ತಕ ತುಂಬುತ್ತಿತ್ತು. "ಚಿಂಙ ಬರಲಿ, ಕೊಡ್ತೇವೆ" ಅನ್ನುತ್ತಿದ್ದರು. ಚಿಂಙ ಅಂದರೆ ಮಳೆ ಇಳಿಯುವ ಹೊತ್ತಿನ ಮಲಯಾಳ ತಿಂಗಳು. ಅಪ್ಪ ಎರಡನೇ ಸಲ ಕೇಳಿದ್ದು ನಾನು ನೋಡಿಲ್ಲ.

ಆಗ ಮರಳು ಎಲ್ಲರದ್ದೂ ಆಗಿತ್ತು. ಒಂದು ಕಡೆ ಬಲೆ ಹರಡಿ ಹೊಲಿಯುತ್ತಿದ್ದರು, ಇನ್ನೊಂದು ಕಡೆ ಮೀನು ಒಣಗುತ್ತಿತ್ತು. ರಜೆಯಲ್ಲಿ ಕಾಗೆ ಓಡಿಸುವುದು ನನ್ನ ಕೆಲಸ. ಕೂಲಿ, ಒಂದು ಮುಷ್ಟಿ ಒಣಸಿಗಡಿ.

1992ರಲ್ಲಿ ಕೇಂದ್ರ ಸರಕಾರ ಬೇಕಲವನ್ನು ವಿಶೇಷ ಪ್ರವಾಸಿ ಪ್ರದೇಶ ಅಂತ ಘೋಷಿಸಿತು. 1995ರಲ್ಲಿ ಅಲ್ಲಿ ರೆಸಾರ್ಟ್‌ಗಳನ್ನು ಬೆಳೆಸಲೆಂದೇ ಒಂದು ನಿಗಮ ಬಂತು. ಜಾಗದ ಬೆಲೆ ಏರಿತು. ಅಂಗಡಿಯ ಜಾಗ ಬಾಡಿಗೆಯದ್ದು, ಜಾಗದವರು ಮಾರಿದರು. ಅಪ್ಪ ಬೆಂಚು, ಪಾತ್ರೆ ಕಟ್ಟಿಕೊಂಡು ಊರಿಗೆ ಬಂದರು.

ಈಗ ಅಲ್ಲಿ ಮೀನುಗಾರಿಕೆ ಸೊರಗಿದೆ. ಅದು ರೆಸಾರ್ಟ್‌ಗಳಿಂದ ಮಾತ್ರ ಅನ್ನುವುದು ಸರಿಯಲ್ಲ. ಕಡಲೂ ಕೈಕೊಟ್ಟಿದೆ. 2012ರಲ್ಲಿ ಕೇರಳದಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು, 2021ರಲ್ಲಿ 3,300 ಟನ್ ಆಸುಪಾಸು. ಮೀನುಗಾರರ ಮಕ್ಕಳು ಹೋಟೆಲಿನಲ್ಲಿ ಸಂಬಳಕ್ಕೆ ಸೇರಿದರೆ ತಪ್ಪೇನು? ಬೇಕಲದ್ದು ಶಿವಪ್ಪ ನಾಯಕನ ಕಾಲದ ಮುರಕಲ್ಲಿನ (ಕೆಂಪು ಕಲ್ಲಿನ) ಕೋಟೆ, 40 ಎಕರೆಯಷ್ಟು ದೊಡ್ಡದು. ಅದನ್ನು ನೋಡಲು ಜನ ಬರಲಿ. ನನಗೂ ಸಂತೋಷವೇ.

ಆದರೆ ಬಲೆ ಹರಡಲು ಜಾಗ ಬೇಕು, ಅಲ್ವಾ? ದೋಣಿ ಎಳೆದು ನಿಲ್ಲಿಸಲು, ಮೀನು ಒಣಗಿಸಲು ಬೇಕು. ಪ್ರವಾಸಿಗರು ಬಿಸಿಲು ಕಾಯಿಸುವ ಹಾಸಿಗೆಗಳಿಗೆ, ವಾಹನಗಳಿಗೆ ಜಾಗ ಗುರುತು ಹಾಕುವವರು ಇದಕ್ಕೂ ಒಂದಿಷ್ಟು ಉದ್ದದ ಮರಳು ಗುರುತು ಹಾಕಿ ಕೊಡಬೇಕು. ಇದು ದಾನ ಅಲ್ಲ. ಮೊದಲಿನಿಂದ ಇದ್ದದ್ದು.

ಅಂಗಡಿ ಇದ್ದ ಕಡೆ ಈಗ ಗಾಡಿ ನಿಲ್ಲಿಸುತ್ತಾರೆ. ಅದರ ಅಂಚಿನಲ್ಲಿ ಒಬ್ಬರು ಬಲೆ ಹೊಲಿಯುತ್ತಾ ಕೂತಿದ್ದರು. ಅಪ್ಪನ ಹೆಸರು ಹೇಳಿದೆ. "ಗೋಳಿಬಜೆಯವರ ಮಗಳಾ?" ಅಂದರು ಮಲಯಾಳದಲ್ಲಿ. ಅವರ ತಂದೆ ನಮ್ಮ ಸಾಲದ ಪುಸ್ತಕದಲ್ಲಿದ್ದವರು. ಮಾತಾಡುತ್ತಿದ್ದ ಅರ್ಧ ಗಂಟೆಯಲ್ಲಿ ಮೂರು ಕಾರು ಬಂದವು. ಮೂರು ಸಲವೂ ಅವರು ಎದ್ದು, ಬಲೆ ಮಡಚಿ, ಆಚೆ ಎಳೆದು, ಮತ್ತೆ ಹರಡಿದರು. ಮೂರನೇ ಸಲ ನನ್ನ ಮಗಳೂ ಒಂದು ತುದಿ ಹಿಡಿದಳು.